ಕೆಂಪು ಕಾಲಿನ ಆಮೆ: ತಳಿಯ ಊರು ಕಲಸಿಹೋಗದ ಹಾಗೆ ಸಾಕುವುದು, ಮರಿ ಮಾಡಿಸುವುದು

ಕೆಂಪು ಕಾಲಿನ ಆಮೆಯನ್ನು ಸಾಕುವುದು ಅಷ್ಟೇನೂ ಕಷ್ಟವಲ್ಲ. ಬಿಸಿ, ತೇವ, ನೆರಳು, ಹೊಟ್ಟೆಗೆ ಸೊಪ್ಪು-ಹಣ್ಣು ಸರಿಯಾಗಿ ಸಿಕ್ಕರೆ ಹಲವು ದಶಕ ಆರಾಮಾಗಿ ಬಾಳುತ್ತದೆ. ಎಡವಟ್ಟು ಆಗುವುದು ಮರಿ ಮಾಡಿಸುವ ಹಂತದಲ್ಲಿ. ಗಯಾನಾದಿಂದ ಬಂದ ಗಂಡನ್ನೂ ಬ್ರೆಜಿಲ್ ಮೂಲದ ಹೆಣ್ಣನ್ನೂ ಒಂದೇ ಆವರಣದಲ್ಲಿ ಬಿಡುತ್ತಾರೆ. ಮರಿಗಳು ಹುಟ್ಟುತ್ತವೆ, ಚೆನ್ನಾಗಿಯೂ ಇರುತ್ತವೆ. ನಾಲ್ಕು ಕೈ ದಾಟುವ ಹೊತ್ತಿಗೆ ಅವು ಯಾವ ಸೀಮೆಯವು ಅಂತ ಹೇಳುವವರೇ ಇರುವುದಿಲ್ಲ. ಒಮ್ಮೆ ಕಳೆದ ಮೂಲವನ್ನು ಮತ್ತೆ ಹುಡುಕಿ ತರಲು ಆಗದು. ಹಾಗಾಗಿ ಈ ಲೇಖನದಲ್ಲಿ ಸಾಕಣೆಯ ಜೊತೆಜೊತೆಗೇ ಮೂಲ ಕಾಪಾಡುವ ಕೆಲಸವನ್ನೂ ಹೇಳುತ್ತಾ ಹೋಗುತ್ತೇನೆ.

ಇದು ದಕ್ಷಿಣ ಅಮೆರಿಕದ ಪ್ರಾಣಿ. ಪನಾಮದಿಂದ ಶುರುವಾಗಿ ಕೊಲಂಬಿಯಾ, ವೆನಿಜುವೆಲಾ, ಗಯಾನಾ, ಸುರಿನಾಮ್, ಬ್ರೆಜಿಲ್, ಬೊಲಿವಿಯಾ, ಪರಾಗ್ವೆ ದಾಟಿ ಅರ್ಜೆಂಟೀನಾದ ಉತ್ತರ ಭಾಗದವರೆಗೂ ಇದೆ. ವೆನಿಜುವೆಲಾದಲ್ಲಿ ಮೊರೊಕೊಯ್ ಅನ್ನುತ್ತಾರೆ, ಬ್ರೆಜಿಲ್‌ನಲ್ಲಿ ಜಬೂತಿ-ಪಿರಾಂಗ. ಶಾಸ್ತ್ರದ ಹೆಸರು ಚೆಲೊನಾಯ್ಡಿಸ್ ಕಾರ್ಬೊನೇರಿಯಸ್. 1824ರಲ್ಲಿ ಇದನ್ನು ಮೊದಲು ವರ್ಣಿಸಿದವನು ಜರ್ಮನಿಯ ಸ್ಪಿಕ್ಸ್. ದಟ್ಟ ಕಾಡಿನೊಳಗಿಗಿಂತ ಕಾಡಿನ ಅಂಚು, ಹುಲ್ಲುಗಾವಲು, ಕುರುಚಲು ಇರುವ ಕಡೆ ಜಾಸ್ತಿ. ದಟ್ಟ ಕಾಡಲ್ಲಿ ಇದರ ದಾಯಾದಿ ಹಳದಿ ಕಾಲಿನ ಆಮೆ ಇರುತ್ತದೆ.

ಮೊದಲು ಕಾಗದಪತ್ರ

ಭಾರತದಲ್ಲಿರುವವರಿಗೆ ಇದು ಮೊದಲ ಹೆಜ್ಜೆ. ಆವರಣ ಕಟ್ಟುವುದು ಆಮೇಲೆ.

ಕೆಂಪು ಕಾಲಿನ ಆಮೆ ಸೈಟಿಸ್ ಒಪ್ಪಂದದ, ಅಂದರೆ ಕಾಡುಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಅನುಬಂಧದಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು, ಸೈಟಿಸ್ ಪಟ್ಟಿಯ ಪ್ರಾಣಿಗಳೆಲ್ಲ ಕಾಯ್ದೆಯ ನಾಲ್ಕನೇ ಷೆಡ್ಯೂಲ್‌ಗೆ ಸೇರಿದವು. ಅಂದರೆ ವಿದೇಶಿ ಆಮೆ ಅಂತ ಕಾನೂನು ಸುಮ್ಮನಿರುವುದಿಲ್ಲ. ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದಕ್ಕೆ ಬೇಕಾದ ನಿಯಮಗಳು 2024ರಲ್ಲಿ ಬಂದವು. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಹೊರದೇಶದಿಂದ ತರಿಸಬೇಕೆಂದರೆ ಆಮದು ಪರವಾನಗಿ, ಸೈಟಿಸ್ ಪತ್ರ ಎರಡೂ ಬೇಕು. ಗೊಂದಲವಿದ್ದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಲ್ಲಿ ಕೇಳಿ. ನಮ್ಮಲ್ಲಿ ಅದು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ.

"ಪೇಪರ್ ಆಮೇಲೆ ಕೊಡ್ತೀನಿ ಸಾರ್" ಅನ್ನುವವರ ಹತ್ತಿರ ಕೊಳ್ಳಬೇಡಿ. ಬ್ಯಾಂಕಾಕ್ ಕಡೆಯಿಂದ ಬಂದ ಸೂಟ್‌ಕೇಸ್‌ಗಳಲ್ಲಿ ಆಮೆಗಳು ಸಿಕ್ಕಿಬೀಳುವ ಸುದ್ದಿಯನ್ನು ನೀವೂ ಓದಿರುತ್ತೀರಿ. ಅಂಥ ಪ್ರಾಣಿ ನಿಮ್ಮ ಮನೆಗೆ ಬಂದರೆ ಕಾನೂನಿನ ತಲೆನೋವು ಒಂದು ಕಡೆ, ಅದರ ಮೂಲವೂ ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಮಾತು: ನಮ್ಮ ನಕ್ಷತ್ರ ಆಮೆಯನ್ನು ಇದರ ಜೊತೆ ಸೇರಿಸಿ ನೋಡಬೇಡಿ. ಅದು ಮೊದಲನೇ ಷೆಡ್ಯೂಲ್‌ನ ಪ್ರಾಣಿ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಲ್ಲಿಯ ನಿಯಮ ನೋಡಿಕೊಳ್ಳಿ. ಅಮೆರಿಕದಲ್ಲಿ ಚಿಪ್ಪು ನಾಲ್ಕು ಇಂಚಿಗಿಂತ ಚಿಕ್ಕದಿರುವ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದಕ್ಕೆ 1975ರಿಂದಲೂ ನಿಷೇಧವಿದೆ. ಸಾಲ್ಮೊನೆಲ್ಲಾ ರೋಗ ಮಕ್ಕಳಿಗೆ ಹರಡುತ್ತಿತ್ತು ಅನ್ನುವುದು ಕಾರಣ. ಆಮೆ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಎಲ್ಲ ದೇಶಕ್ಕೂ ಅನ್ವಯಿಸುವ ನಿಯಮ.

ಯಾವ ಸೀಮೆಯ ಆಮೆ?

ಸಾಕುವವರು 'ವೆರೈಟಿ' ಅನ್ನುವುದಕ್ಕೆ ಅಧಿಕೃತ ಉಪಜಾತಿಯ ಸ್ಥಾನವಿಲ್ಲ. ಆದರೆ ಸುಮ್ನೆ ಕಟ್ಟಿದ ಮಾತೂ ಅಲ್ಲ. 2010ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವೊಂದು ಈ ಆಮೆಗಳಲ್ಲಿ ಪ್ರದೇಶಕ್ಕೆ ತಕ್ಕಂತೆ ಐದು ಗುಂಪುಗಳನ್ನು ಗುರುತಿಸಿತು. ಸಾಕುವವರ ಕೈಯಲ್ಲಿರುವ ಲೆಕ್ಕ ಇನ್ನೂ ಸ್ಥೂಲ, ಇಲ್ಲಿ ನಾಲ್ಕು ಗುಂಪು ಹೇಳುತ್ತೇನೆ.

ಈಶಾನ್ಯದವು: ವೆನಿಜುವೆಲಾ, ಗಯಾನಾ, ಸುರಿನಾಮ್ ಕಡೆಯವು. ಪೇಟೆಯಲ್ಲಿ ಇವೇ ಜಾಸ್ತಿ. ಬೆನ್ನಿನ ಚಿಪ್ಪು ಕಪ್ಪು, ಚಿಪ್ಪಿನ ಪ್ರತಿ ಬಿಲ್ಲೆಯ (ಫಲಕದ) ನಡುವೆ ಹಳದಿ ಇಲ್ಲವೇ ಕಿತ್ತಳೆ ಮಚ್ಚೆ. ಹೊಟ್ಟೆಯ ಚಿಪ್ಪು ತಿಳಿ ಹಳದಿ, ನಡುವೆ ಮಾತ್ರ ಕಪ್ಪು. ಬೆಳೆದ ಗಂಡಿನ ಚಿಪ್ಪು ಸೊಂಟದ ಹತ್ತಿರ ಒಳಕ್ಕೆ ಎಳೆದ ಹಾಗಿರುತ್ತದೆ.

ವಾಯವ್ಯದವು: ಪನಾಮ ಮತ್ತು ಕೊಲಂಬಿಯಾದವು. ಚಿಪ್ಪು ಕಡುಕಪ್ಪಲ್ಲ, ಬೂದು ಇಲ್ಲವೇ ಕಾಫಿ ಬಣ್ಣಕ್ಕೆ ವಾಲುತ್ತದೆ. ತಲೆ, ಕಾಲುಗಳ ಬಣ್ಣವೂ ಸ್ವಲ್ಪ ಮಂಕು.

ಪೂರ್ವ ಬ್ರೆಜಿಲ್‌ನವು: ಪೇಟೆಯಲ್ಲಿ 'ಚೆರ್ರಿಹೆಡ್' ಅಂತ ಮಾರುವುದು ಇವನ್ನೇ. ಗಾತ್ರ ಸಣ್ಣದು, ಸುಮಾರು 25-30 ಸೆಂ.ಮೀ. ಹೊಟ್ಟೆಯ ಚಿಪ್ಪಿನ ತುಂಬ ಕಪ್ಪು ಕಲೆಗಳು ಹರಡಿಕೊಂಡಿರುತ್ತವೆ. ತಲೆ ಕಡುಗೆಂಪು. ಗಂಡಿಗೂ ಸೊಂಟ ಅಷ್ಟಾಗಿ ಕಾಣುವುದಿಲ್ಲ.

ದಕ್ಷಿಣದವು: ಬೊಲಿವಿಯಾ, ಪರಾಗ್ವೆಯ ಚಾಕೋ ಬಯಲಿನವು. ಇವುಗಳಲ್ಲಿ ದೊಡ್ಡ ಗಾತ್ರದವು ಕಾಣಸಿಗುತ್ತವೆ. ಸಾಮಾನ್ಯವಾಗಿ 30-35 ಸೆಂ.ಮೀ.ಗೆ ನಿಲ್ಲುವ ಈ ಜಾತಿಯಲ್ಲಿ 50 ದಾಟಿದವೂ ಉಂಟು.

ಈಗ ಎಚ್ಚರಿಕೆಯ ಮಾತು. ಬಣ್ಣ ನೋಡಿ ಊರು ಹೇಳಬೇಡಿ. ಒಂದೇ ಊರಿನ ಆಮೆಗಳಲ್ಲೂ ತಲೆ ಹಳದಿಯಿಂದ ಕೆಂಪಿನವರೆಗೆ ಬದಲಾಗುತ್ತದೆ. ಫೋಟೋ ಕಳಿಸಿ "ಇದು ಯಾವ ವೆರೈಟಿ?" ಅಂತ ಕೇಳುವವರಿಗೆ ಖಚಿತವಾಗಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. 'ಚೆರ್ರಿಹೆಡ್' ಅನ್ನುವುದೂ ಮಾರಾಟದ ಹೆಸರು, ಊರಿನ ಹೆಸರಲ್ಲ. ಕಾಡಿನ ಪ್ರಾಣಿಗಳ ವ್ಯಾಪಾರವನ್ನು ಬ್ರೆಜಿಲ್ 1967ರಲ್ಲೇ ನಿಷೇಧಿಸಿದೆ. ಹಾಗಾಗಿ "ಬ್ರೆಜಿಲ್ ಕಾಡಿನಿಂದ ಈಗಷ್ಟೇ ಬಂದದ್ದು" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ರಫ್ತು ಮಾಡಿದ ದೇಶ, ಹುಟ್ಟಿದ ದೇಶ ಒಂದೇ ಆಗಿರಬೇಕಿಲ್ಲ. ಪತ್ರದಲ್ಲಿ ಗಯಾನಾ ಅಂತ ಇದ್ದರೆ 'ಗಯಾನಾದಿಂದ ರಫ್ತು' ಅಂತ ಮಾತ್ರ ಬರೆಯಿರಿ, 'ರುಪುನುನಿ ಹುಲ್ಲುಗಾವಲಿನದು' ಅಂತ ಮಸಾಲೆ ಸೇರಿಸಬೇಡಿ. ಬಾರ್ಬಡೋಸ್, ಸೇಂಟ್ ಲೂಸಿಯಾದಂಥ ಕೆರಿಬಿಯನ್ ದ್ವೀಪಗಳ ಆಮೆಗಳ ವಿಷಯವೂ ಹಾಗೆಯೇ. ಅವನ್ನು ಹಿಂದೆ ಜನರೇ ಹಡಗಿನಲ್ಲಿ, ಬಹುಶಃ ಆಹಾರಕ್ಕಾಗಿ, ಕೊಂಡೊಯ್ದಿರಬಹುದು. ದ್ವೀಪದ ಹೆಸರನ್ನೇ ತಳಿಯ ಹೆಸರು ಮಾಡಬೇಡಿ. ಗೊತ್ತಿಲ್ಲದಿದ್ದರೆ 'ಮೂಲ ತಿಳಿಯದು' ಅಂತ ಬರೆಯಲು ನಾಚಿಕೆ ಬೇಡ. ಆ ಆಮೆಯೂ ಅಷ್ಟೇ ಚೆಂದ, ಅದನ್ನೂ ಸಾಕಿ. ಶುದ್ಧ ತಳಿ ಅಂತ ಮರಿ ಮಾಡಿಸಬೇಡಿ, ಅಷ್ಟೇ.

ಡಿಎನ್ಎ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದಲ್ಲವೇ ಅಂತ ಕೇಳುತ್ತಾರೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ನೋಡುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನುವ ಭಾಗದ ಡಿಎನ್ಎ. ಅದು ಬರುವುದು ತಾಯಿಯಿಂದ ಮಾತ್ರ. ಬ್ರೆಜಿಲ್ ತಾಯಿ, ಗಯಾನಾ ತಂದೆಗೆ ಹುಟ್ಟಿದ ಮರಿ ಆ ಪರೀಕ್ಷೆಯಲ್ಲಿ ಬ್ರೆಜಿಲ್‌ನದು ಅಂತಲೇ ಬರುತ್ತದೆ. ಅಪ್ಪ ಯಾರು ಅಂತ ಹೇಳಬೇಕಾದ್ದು ನಿಮ್ಮ ನೋಟ್‌ಬುಕ್ಕೇ.

ಆವರಣ: ತೇವ ಬೇಕು, ಕೊಚ್ಚೆ ಬೇಡ

ದೊಡ್ಡ ಆಮೆಗಳ ಒಂದು ಜೋಡಿಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ ಅನ್ನುವುದು ತೀರಾ ಕನಿಷ್ಠ. ಹಿತ್ತಲಿದ್ದರೆ ಇನ್ನೂ ದೊಡ್ಡದು ಮಾಡಿ. ಗೋಡೆ ಒಂದೂವರೆ ಅಡಿ ಎತ್ತರ ಇರಲಿ, ಆಚೆ ಕಾಣದ ಹಾಗಿರಲಿ. ಜಾಲರಿ ಹಾಕಿದರೆ ಆಚೆ ಹೋಗಬೇಕೆಂದು ದಿನವಿಡೀ ಮೂತಿ ಉಜ್ಜುತ್ತಿರುತ್ತದೆ. ಮೂಲೆಗಳಲ್ಲಿ ಹತ್ತಿ ದಾಟುವುದರಲ್ಲಿ ಇವು ನಿಸ್ಸೀಮ. ಬೀದಿನಾಯಿ, ಹೆಗ್ಗಣ ಬಾರದಂತೆ ರಾತ್ರಿ ಮುಚ್ಚುವ ವ್ಯವಸ್ಥೆ ಬೇಕೇಬೇಕು. ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಇಡಬೇಡಿ, ಆಮೆ ಬೆಂದುಹೋಗುತ್ತದೆ.

ಹಗಲು 27ರಿಂದ 31 ಡಿಗ್ರಿ ಸೆಲ್ಸಿಯಸ್, ರಾತ್ರಿ 22ರ ಆಚೀಚೆ. ಇವು ಚಳಿಗಾಲದಲ್ಲಿ ದೀರ್ಘ ನಿದ್ದೆಗೆ ಹೋಗುವ ಆಮೆಗಳಲ್ಲ. ಚಾಕೋ ಬಯಲಿನವು ಚಳಿ ತಡೆಯುತ್ತವೆ ಅಂತ ಕೇಳಿ ಕೆಲವರು ಚಳಿಯಲ್ಲಿ ಬಿಡುತ್ತಾರೆ. ಅಲ್ಲಿ ಅವಕ್ಕೆ ಒಣಗಿದ ಬಿಲಗಳಿವೆ ಅನ್ನುವುದನ್ನು ಮರೆಯುತ್ತಾರೆ. ಚಳಿಯೂ ತೇವವೂ ಒಟ್ಟಿಗೆ ಸೇರಿದರೆ ಮೂಗಿನಲ್ಲಿ ನೀರು, ಬಾಯಲ್ಲಿ ಗುಳ್ಳೆ, ಆಮೇಲೆ ನ್ಯುಮೋನಿಯಾ. ಕಾಗದಪತ್ರ ಸರಿಯಿದ್ದು ಬೆಂಗಳೂರಿನಲ್ಲಿ ಸಾಕುವವರಿಗೂ ಡಿಸೆಂಬರ್, ಜನವರಿ ರಾತ್ರಿ ಬಿಸಿ ಮಾಡಿದ ಗೂಡು ಬೇಕು. ಕರಾವಳಿಯಲ್ಲಿ ಆ ಚಿಂತೆ ಕಡಿಮೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಉಲ್ಟಾ: ನೆರಳು, ಒದ್ದೆ ಮಣ್ಣು ಇಲ್ಲದಿದ್ದರೆ ಒಣಗಿಹೋಗುತ್ತವೆ.

ಬಿಸಿಗೆ ಸೆರಾಮಿಕ್ ಹೀಟರ್ ಒಳ್ಳೆಯದು, ಥರ್ಮೋಸ್ಟಾಟ್ ಕಡ್ಡಾಯ. ಬೆನ್ನ ಮೇಲೇ ಪ್ರಖರ ಬಲ್ಬು ಉರಿಸಿದರೆ ಚಿಪ್ಪು ಒಣಗುತ್ತದೆ. ಒಳಾಂಗಣವಾದರೆ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಕೊಡುವ ಟ್ಯೂಬ್‌ಲೈಟ್ ಬೇಕು, ವರ್ಷಕ್ಕೊಮ್ಮೆ ಬದಲಿಸಬೇಕು. ಗಾಜಿನ ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಯುವಿಬಿ ಇರುವುದಿಲ್ಲ. ದಿನಾ ಹೊರಗೆ ಎಳೆಬಿಸಿಲು ಸಿಗುವ ಆಮೆಗೆ ಈ ಖರ್ಚು ಬೇಡ.

ತೇವದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚಿಪ್ಪಿನ ಬಿಲ್ಲೆಗಳು ಗೋಪುರದ ಹಾಗೆ ಎದ್ದುನಿಂತ ಆಮೆಗಳನ್ನು ನೋಡಿರಬಹುದು. ಪ್ರೋಟೀನ್ ಜಾಸ್ತಿಯಾದ್ದರಿಂದ ಹೀಗಾಗುತ್ತದೆ ಅಂತ ಬಹಳ ಕಾಲ ನಂಬಿದ್ದರು. 2003ರಲ್ಲಿ ಆಫ್ರಿಕಾದ ಸಲ್ಕಾಟಾ ಆಮೆಯ ಮರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪ್ರೋಟೀನಿಗಿಂತ ಒಣಹವೆಯೇ ದೊಡ್ಡ ಕಾರಣ ಅಂತ ಕಂಡುಬಂತು. ಕೆಂಪು ಕಾಲಿನ ಆಮೆ ಸಾಕುವವರ ಅನುಭವವೂ ಅದೇ. ದೊಡ್ಡವಕ್ಕೆ ಗಾಳಿಯಲ್ಲಿ 70-80 ಶೇಕಡ ತೇವಾಂಶ, ಮರಿಗಳಿಗೆ 80ಕ್ಕೆ ಮೇಲೆ.

ನೆಲಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವ ಕೋಕೋಪೀಟ್, ಮೇಲೆ ಒಣಗಿದ ಎಲೆಗಳ ಹಾಸು. ನಾಲ್ಕು ಇಂಚು ದಪ್ಪ. ನೀರನ್ನು ಮೇಲಿಂದ ಚಿಮುಕಿಸಿ ಬಿಟ್ಟುಬಿಡಬೇಡಿ, ಮೂಲೆಯಲ್ಲಿ ಸುರಿದು ಅಡಿಯ ಪದರ ಒದ್ದೆಯಾಗಲು ಬಿಡಿ. ಅಡಿಯಿಂದ ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೇಲ್ಪದರ ಹೆಚ್ಚುಕಡಿಮೆ ಒಣಗಿರಬೇಕು. ಮೇಲೆಯೇ ಕೊಚ್ಚೆಯಾದರೆ ಹೊಟ್ಟೆಯ ಚಿಪ್ಪು ಕೊಳೆಯಲು ಶುರುವಾಗುತ್ತದೆ. ಮರಳು, ಮರದ ಹೊಟ್ಟು ಬೇಡ. ಹೊಳಪಿಗೆ ಅಂತ ಚಿಪ್ಪಿಗೆ ಎಣ್ಣೆ ಹಚ್ಚುವವರಿದ್ದಾರೆ, ಅದೂ ಬೇಡ.

ಆಮೆ ಒಳಗೆ ಇಳಿದು ಕೂರುವಷ್ಟು ಅಗಲದ, ಗದ್ದ ಮುಳುಗದಷ್ಟು ಆಳದ ನೀರಿನ ತಟ್ಟೆ ಇಡಿ. ಅದರಲ್ಲೇ ಕುಡಿಯುತ್ತದೆ, ಅದರಲ್ಲೇ ಹೇಲುತ್ತದೆ. ದಿನಾ ತೊಳೆಯಬೇಕು, ಬೇರೆ ದಾರಿಯಿಲ್ಲ.

ಊಟ

ಬೇರೆ ನೆಲದ ಆಮೆಗಳ ಹಾಗೆ ಇದು ಬರೀ ಸೊಪ್ಪು-ಹುಲ್ಲಿನದಲ್ಲ. ಬ್ರೆಜಿಲ್‌ನ ರೊರೈಮಾ ರಾಜ್ಯದ ಮರಾಕಾ ದ್ವೀಪದಲ್ಲಿ ಸಂಶೋಧಕರು ಗಮನಿಸಿದಾಗ ಉದುರಿದ ಹಣ್ಣು, ಹೂವು, ಎಲೆ, ಅಣಬೆ, ಸತ್ತ ಪ್ರಾಣಿಯ ಮಾಂಸ, ಹುಳು-ಹುಪ್ಪಟೆ ಎಲ್ಲವೂ ಇವುಗಳ ಊಟದಲ್ಲಿದ್ದವು. ಹಣ್ಣಿನ ಬೀಜಗಳನ್ನು ಕಾಡಿನ ತುಂಬ ಹರಡುವ ಕೆಲಸವನ್ನೂ ಮಾಡುತ್ತವೆ.

ಅರ್ಧಕ್ಕಿಂತ ಜಾಸ್ತಿ ಸೊಪ್ಪು, ಎಲೆ, ಹೂವು ಇರಲಿ. ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ನುಗ್ಗೆ ಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿ ಒಳ್ಳೆಯವು. ಪಾಲಕ್, ಬಸಳೆ ಅಪರೂಪಕ್ಕೆ ಸಾಕು, ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಕಾಲು ಭಾಗ ಹಣ್ಣು: ಪಪ್ಪಾಯಿ, ಮಾವು, ಅಂಜೂರ, ಸೀಬೆ. ಬಾಳೆಹಣ್ಣಿಗೆ ಪ್ರಾಣ ಬಿಡುತ್ತವೆ, ಆದರೂ ಚೂರು ಮಾತ್ರ. ಸಿಹಿಕುಂಬಳ, ಅಣಬೆ ಆಗಾಗ. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಒಂದು ತುಂಡು ಇಲ್ಲವೇ ಎರೆಹುಳು. ನಾಯಿಯ ಆಹಾರ ಕೊಡುವ ಹಳೆಯ ಅಭ್ಯಾಸ ಬಿಟ್ಟುಬಿಡಿ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಪೂರ್ತಿ ನಿಷಿದ್ಧ. ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿ ವಾರಕ್ಕೆ ಎರಡು ಸಲ ಉದುರಿಸಿ. ಮೊಟ್ಟೆ ಇಡುವ ಹೆಣ್ಣಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಅದಕ್ಕಾಗಿ ಹಕ್ಕಿ ಅಂಗಡಿಯಲ್ಲಿ ಸಿಗುವ ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು) ಒಂದನ್ನು ಆವರಣದಲ್ಲೇ ಬಿದ್ದಿರಲು ಬಿಡಿ.

ಹೊಸದಾಗಿ ಬಂದದ್ದು ಬೇರೆ ಇರಲಿ

ಮೂರು ತಿಂಗಳಾದರೂ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಬಕೆಟ್ಟು. ಮಲ ಪರೀಕ್ಷೆ ಮಾಡಿಸಿ. ಇಲ್ಲೊಂದು ಜೀವ ತೆಗೆಯುವ ವಿಷಯವಿದೆ: ಐವರ್ಮೆಕ್ಟಿನ್. ದನ, ಕುರಿಗೆ ಹುಳುವಿನ ಔಷಧವಾಗಿ ಎಲ್ಲ ಊರಲ್ಲೂ ಸಿಗುತ್ತದೆ. ಆಮೆಗೆ ಅದು ಲಕ್ವ ಹೊಡೆಸಿ ಕೊಲ್ಲುತ್ತದೆ. ಪಶುವೈದ್ಯರು ಆಮೆ ನೋಡಿ ಅಭ್ಯಾಸ ಇಲ್ಲದವರಾದರೆ ನೀವೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ಹುಳುವಿಗೆ ಆಮೆಗಳಿಗೆ ಬಳಸುವ ಔಷಧವೆಂದರೆ ಫೆನ್‌ಬೆಂಡಜೋಲ್. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು.

ಈ ಮೂರು ತಿಂಗಳಲ್ಲೇ ದಾಖಲೆ ಶುರು ಮಾಡಿ. ಹೊಟ್ಟೆಯ ಚಿಪ್ಪಿನ ಫೋಟೋ ತೆಗೆಯಿರಿ. ಅದರ ಕಲೆಗಳ ವಿನ್ಯಾಸ ಒಂದರಂತೆ ಇನ್ನೊಂದಿರುವುದಿಲ್ಲ. ತೂಕ, ನೇರ ಅಳತೆಯ ಚಿಪ್ಪಿನ ಉದ್ದ, ಬಂದ ತಾರೀಖು, ಯಾರಿಂದ ಬಂತು, ಅವರು ಮೂಲದ ಬಗ್ಗೆ ಏನು ಹೇಳಿದರು. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಡಿ, ನಿಮ್ಮ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ದೊಡ್ಡ ಆಮೆಗಳಿಗೆ ಮೈಕ್ರೋಚಿಪ್ ಹಾಕಿಸಿದರೆ ಇನ್ನೂ ಗಟ್ಟಿ.

ಜೋಡಿ ಮಾಡುವುದು

ಗಂಡು ಯಾವುದು, ಹೆಣ್ಣು ಯಾವುದು ಅನ್ನುವುದು ಚಿಪ್ಪು 20 ಸೆಂ.ಮೀ. ದಾಟಿದ ಮೇಲೆ ಚೆನ್ನಾಗಿ ತಿಳಿಯುತ್ತದೆ. ಗಂಡಿನ ಹೊಟ್ಟೆಯ ಚಿಪ್ಪು ಒಳಗೆ ತಗ್ಗಾಗಿರುತ್ತದೆ, ಬಾಲ ಉದ್ದವಾಗಿ ಪಕ್ಕಕ್ಕೆ ಮಡಚಿರುತ್ತದೆ. ಹೆಣ್ಣಿನ ಹೊಟ್ಟೆ ಸಮತಟ್ಟು, ಬಾಲ ಮೋಟು. ವಯಸ್ಸಿಗಿಂತ ಗಾತ್ರ ಮುಖ್ಯ. ಚೆನ್ನಾಗಿ ತಿನ್ನಿಸಿ ಬೇಗ ಬೆಳೆಸಿದ ಹೆಣ್ಣು ಗಾತ್ರಕ್ಕೆ ಬಂದರೂ ಇನ್ನೂ ಒಂದೆರಡು ವರ್ಷ ತಡೆಯಿರಿ.

ಒಂದು ಗಂಡಿಗೆ ಎರಡು ಮೂರು ಹೆಣ್ಣು ಸರಿ. ಎರಡು ಗಂಡುಗಳಿದ್ದರೆ ಒಂದನ್ನೊಂದು ಗುದ್ದಿ ಮಗುಚಿ ಹಾಕುತ್ತವೆ. ಮಗುಚಿ ಬಿಸಿಲಲ್ಲಿ ಬಿದ್ದ ಆಮೆ ಬದುಕುವುದು ಕಷ್ಟ. ಗಂಡು ಇನ್ನೊಂದು ಆಮೆಯ ಎದುರು ನಿಂತು ತಲೆಯನ್ನು ಪಕ್ಕಕ್ಕೆ ತಡೆತಡೆದು, ಝಟಕೆ ಕೊಟ್ಟ ಹಾಗೆ ಆಡಿಸುತ್ತದೆ. ಹಳದಿ ಕಾಲಿನ ಗಂಡಾದರೆ ಒಂದೇ ಸಲ ಬೀಸುತ್ತದೆ. ಒಂದೇ ಕಾಡಿನಲ್ಲಿರುವ ಎರಡು ಜಾತಿಗಳು ಈ ಸನ್ನೆಯಿಂದ ತಮ್ಮವರನ್ನು ಗುರುತಿಸುತ್ತವೆ ಅಂತ ಅಮೆರಿಕದ ವಾಲ್ಟರ್ ಆಫೆನ್‌ಬರ್ಗ್ 1965ರಲ್ಲೇ ಬರೆದಿದ್ದಾರೆ. ಕೂಡುವಾಗ ಗಂಡು ಮೊಟ್ಟೆ ಇಟ್ಟ ಕೋಳಿಯ ಹಾಗೆ ಕೊಕ್ ಕೊಕ್ ಅನ್ನುತ್ತದೆ. ಮೊದಲ ಸಲ ಕೇಳಿದವರು ಹಿತ್ತಲಿಗೆ ಕೋಳಿ ಬಂತೇನೋ ಅಂದುಕೊಳ್ಳುತ್ತಾರೆ! ಪೈಪಿನಿಂದ ಮಳೆಯ ಹಾಗೆ ನೀರು ಚಿಮುಕಿಸಿದರೆ ಹುಮ್ಮಸ್ಸು ಬರುತ್ತದೆ. ಗಂಡು ಬಿಡದೇ ಕಾಡುತ್ತಿದ್ದರೆ ಕೆಲವು ವಾರ ಬೇರೆ ಮಾಡಿ.

ಇನ್ನು, ತಳಿ ಕಾಪಾಡುವವರು ಬಹಳ ಸಲ ಮರೆಯುವ ವಿಷಯ. ಹೆಣ್ಣು ಆಮೆ ವೀರ್ಯವನ್ನು ಒಳಗೇ ಇಟ್ಟುಕೊಂಡು ಬಹಳ ಕಾಲದ ಮೇಲೆ ಫಲವತ್ತಾದ ಮೊಟ್ಟೆ ಇಡಬಲ್ಲದು. ಆಮೆಗಳಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ಅಂದರೆ ಕಲಬೆರಕೆ ಗುಂಪಿನಲ್ಲಿದ್ದ ಚೆರ್ರಿಹೆಡ್ ಹೆಣ್ಣನ್ನು ತಂದು, ಒಳ್ಳೆಯ ಚೆರ್ರಿಹೆಡ್ ಗಂಡಿನ ಜೊತೆ ಬಿಟ್ಟ ಮಾತ್ರಕ್ಕೆ ಮೊದಲ ಮರಿಗಳು ಅದೇ ಗಂಡಿನವು ಅನ್ನಲು ಆಗದು. ಮೊದಲ ಮೂರ್ನಾಲ್ಕು ವರ್ಷದ ಮರಿಗಳನ್ನು 'ತಂದೆ ಖಚಿತವಿಲ್ಲ' ಅಂತಲೇ ಬರೆದಿಡಿ. ಬೇಜಾರಾಗುತ್ತದೆ, ನಿಜ. ಅದಕ್ಕೇ ಹೆಣ್ಣನ್ನು ಮರಿಯಾಗಿದ್ದಾಗಲೇ ತಂದು ಬೆಳೆಸುವುದು ಮೇಲು.

ಒಂದೇ ತಾಯಿಯ ಮರಿಗಳನ್ನು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಜೋಡಿ ಮಾಡುವುದೂ ಬೇಡ. ಅದೇ ಮೂಲದ ಆಮೆ ಸಾಕುವ ಇನ್ನಿಬ್ಬರ ಪರಿಚಯ ಇಟ್ಟುಕೊಂಡು, ಕಾನೂನಿನ ಪ್ರಕಾರವೇ ಗಂಡನ್ನು ಅದಲುಬದಲು ಮಾಡಿಕೊಳ್ಳಿ.

ಮೊಟ್ಟೆ

ಮೊಟ್ಟೆ ಇಡುವ ಹೆಣ್ಣು ಊಟ ಬಿಡುತ್ತದೆ, ಆವರಣದ ಅಂಚಿನಲ್ಲಿ ಸುತ್ತುತ್ತದೆ, ಅಲ್ಲಿ ಇಲ್ಲಿ ನೆಲ ಮೂಸಿ ಅರ್ಧ ಕೆರೆದು ಬಿಡುತ್ತದೆ. ಒಂದಡಿ ಆಳದ ಸಡಿಲ ಮಣ್ಣು, ಬೆಚ್ಚಗಿನ ಜಾಗ ಕೊಡಿ. ಒಣಮಣ್ಣಾದರೆ ಮೂತ್ರ ಹೊಯ್ದು ಮೆದು ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲುಗಳ ಕೆಲಸ. ಒಂದು ಕಾಲು ಒಳಗೆ ಇಳಿಸಿ, ಪಾದದಲ್ಲಿ ಒಂದು ಹಿಡಿ ಮಣ್ಣು ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಕಾಲು ಇಳಿಸುತ್ತದೆ. ಹೀಗೆ ಸರದಿಯ ಮೇಲೆ ಗಂಟೆಗಟ್ಟಲೆ. ಹಿಂದೆ ತಿರುಗಿ ಒಮ್ಮೆಯೂ ನೋಡುವುದಿಲ್ಲ. ಹೂಜಿಯಂತೆ ಬಾಯಿ ಕಿರಿದಾದ ಗುಂಡಿ ಆಗುತ್ತದೆ. ಬಿದ್ದ ಪ್ರತಿ ಮೊಟ್ಟೆಯನ್ನೂ ಪಾದದಿಂದ ಸರಿಸಿ ಜೋಡಿಸುತ್ತದೆ. ಕೊನೆಗೆ ಮಣ್ಣು ಎಳೆದು ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ಬಡಿದು ಸಮ ಮಾಡುತ್ತದೆ. ಅಷ್ಟಾದ ಮೇಲೆ ಗುಂಡಿ ಎಲ್ಲಿತ್ತು ಅಂತ ನಿಮಗೇ ಗೊತ್ತಾಗುವುದಿಲ್ಲ. ಅದಕ್ಕೇ ಅದು ಕೆರೆಯುತ್ತಿರುವಾಗಲೇ ದೂರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಹತ್ತಿರ ಹೋಗಿ ಕಾಡಬೇಡಿ, ಅರ್ಧಕ್ಕೇ ಬಿಟ್ಟುಹೋಗುತ್ತದೆ.

ಸಾಮಾನ್ಯವಾಗಿ ಒಂದು ಸಲಕ್ಕೆ ಎರಡರಿಂದ ಏಳು ಮೊಟ್ಟೆ. ಒಂದೇ ಋತುವಿನಲ್ಲಿ ಕೆಲವು ವಾರಗಳ ಅಂತರದಲ್ಲಿ ಮತ್ತೆ ಇಡಬಹುದು. ಕೆರೆದು ಕೆರೆದು ದಿನಗಟ್ಟಲೆ ಮೊಟ್ಟೆ ಇಡದೆ ಮಂಕಾದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಎಕ್ಸ್‌ರೇ ತೆಗೆಸಿ.

ಮೊಟ್ಟೆ ತೆಗೆಯುವಾಗ ಮಣ್ಣನ್ನು ಬೆರಳಲ್ಲಿ ಸರಿಸಿ. ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ತಾಯಿಗೆ ನಿಮ್ಮ ದಾಖಲೆಯಲ್ಲಿ ಕೊಟ್ಟ ಸಂಖ್ಯೆ ಮತ್ತು ತಾರೀಖನ್ನು ಅಲ್ಲೇ ಬರೆಯಿರಿ. ಪೆನ್ನು, ಮಾರ್ಕರ್ ಬೇಡ. ಇದ್ದ ಹಾಗೇ ಎತ್ತಿ, ತಿರುಗಿಸದೆ ಪೆಟ್ಟಿಗೆಗೆ ಇಡಿ. ಕೋಳಿಮೊಟ್ಟೆಯ ಇನ್‌ಕ್ಯುಬೇಟರ್ ಬಳಸುವವರು ಮೊಟ್ಟೆ ತಿರುಗಿಸುವ ಮೋಟಾರನ್ನು ಮೊದಲು ಆಫ್ ಮಾಡಿ. ಕೋಳಿಮೊಟ್ಟೆಯನ್ನು ತಿರುಗಿಸಬೇಕು, ಆಮೆ ಮೊಟ್ಟೆ ತಿರುಗಿದರೆ ಒಳಗಿನ ಭ್ರೂಣ ಸಾಯಬಹುದು.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರು) ಮತ್ತು ಅದೇ ತೂಕದ ನೀರು. ಮೊಟ್ಟೆ ಅರ್ಧ ಹೂತಿರಲಿ. ಡಬ್ಬಿಯನ್ನು ಥರ್ಮೋಸ್ಟಾಟ್ ಇರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ. 28ರಿಂದ 30 ಡಿಗ್ರಿ. ಗಂಡೋ ಹೆಣ್ಣೋ ಅನ್ನುವುದು ಈ ಬಿಸಿಯ ಮೇಲೆ ನಿಂತಿದೆ: ತಂಪಿನ ಕಡೆ ವಾಲಿದರೆ ಗಂಡು ಜಾಸ್ತಿ, ಬಿಸಿಯ ಕಡೆ ಹೋದರೆ ಹೆಣ್ಣು ಜಾಸ್ತಿ. ಮಾರುವವರು ಹೆಣ್ಣಿನಾಸೆಗೆ ಬಿಸಿ ಏರಿಸುತ್ತಾರೆ. ಜಾಸ್ತಿ ಏರಿಸಿದರೆ ಬಿಲ್ಲೆಗಳು ಸೊಟ್ಟ ಆದ ಮರಿಗಳು ಬರುತ್ತವೆ. ತಳಿ ಉಳಿಸಬೇಕು ಅನ್ನುವವರಿಗೆ ಎರಡೂ ಬೇಕಲ್ವಾ? 29ರ ಆಸುಪಾಸಿನಲ್ಲಿ ಇಡಿ.

ಒಂದು ತಿಂಗಳಾದ ಮೇಲೆ ಕತ್ತಲ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಮೊಟ್ಟೆಗೆ ತಾಗಿಸಿ ನೋಡಿ. ಕೆಂಪು ನರಗಳು ಕಂಡರೆ ಜೀವ ಇದೆ. ಕಾಣದಿದ್ದರೂ ಬೇಗ ಎಸೆಯಬೇಡಿ. ಕೊಳೆತ ವಾಸನೆ ಬಂದರೆ ಮಾತ್ರ ತೆಗೆಯಿರಿ. ಮರಿ ಹೊರಬರಲು ನಾಲ್ಕರಿಂದ ಐದು ತಿಂಗಳು, ಕೆಲವೊಮ್ಮೆ ಆರು.

ಮರಿಗಳು

ಮರಿ ಮೂತಿಯ ಮೇಲಿನ ಪುಟ್ಟ ಹಲ್ಲಿನಿಂದ ಮೊಟ್ಟೆ ಒಡೆಯುತ್ತದೆ. ಒಡೆದು ಒಂದೆರಡು ದಿನ ಅಲ್ಲೇ ಇರುತ್ತದೆ. ಕೈ ಹಾಕಬೇಡಿ. ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯ ಚೀಲವನ್ನು ಅದು ಒಳಗೆ ಎಳೆದುಕೊಳ್ಳುತ್ತಿದೆ. ಎಳೆದು ತೆಗೆದರೆ ಚೀಲ ಹರಿದು ಸಾಯುತ್ತದೆ. ಹೊರಬಂದ ಮೇಲೂ ಚೀಲ ಕಾಣುತ್ತಿದ್ದರೆ ಒದ್ದೆ ಟಿಶ್ಯೂ ಪೇಪರಿನ ಮೇಲಿಡಿ, ಕೋಕೋಪೀಟ್ ಅಂಟಬಾರದು.

ನಾಲ್ಕೈದು ಸೆಂಟಿಮೀಟರ್ ಉದ್ದದ ಮರಿ, ಚಿಪ್ಪಿನ ಅಂಚೆಲ್ಲ ಗರಗಸದ ಹಾಗೆ. ಮೊದಲ ಎರಡು ವರ್ಷ ಮುಚ್ಚಿದ, ಸದಾ ತೇವದ ಡಬ್ಬಿಯಲ್ಲೇ ಬೆಳೆಯಲಿ. ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಕಾಲು ಗಂಟೆ ಕೂರಿಸಿ, ಗದ್ದದವರೆಗೆ ಮಾತ್ರ ನೀರು. ಊಟ ದೊಡ್ಡವುಗಳದ್ದೇ, ಸಣ್ಣಗೆ ಹೆಚ್ಚಿ. ದೊಡ್ಡವುಗಳ ಜೊತೆ ಬಿಡಬೇಡಿ.

ಬೇರೆ ಬೇರೆ ಮೂಲದ ಮರಿಗಳನ್ನು ಒಂದೇ ಡಬ್ಬಿಯಲ್ಲಿ ಬೆಳೆಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮರಿಯಾಗಿದ್ದಾಗ ನೆನಪಿರುತ್ತದೆ, ಬೆಳೆಯುತ್ತಾ ಬಣ್ಣ ಬದಲಾದ ಮೇಲೆ ಇರುವುದಿಲ್ಲ. ಡಬ್ಬಿಗೆ ಅಂಟಿಸಿದ ಚೀಟಿ ಒದ್ದೆಯಾಗಿ ಬಿದ್ದುಹೋಗುತ್ತದೆ. ನೋಟ್‌ಬುಕ್ಕಿನಲ್ಲೂ ಬರೆಯಿರಿ, ಆರು ತಿಂಗಳಿಗೊಮ್ಮೆ ಹೊಟ್ಟೆಯ ಚಿಪ್ಪಿನ ಫೋಟೋ ತೆಗೆಯಿರಿ.

ಮರಿಯನ್ನು ಬೇರೆಯವರಿಗೆ ಕೊಡುವಾಗ ಕಾನೂನಿನ ಪತ್ರದ ಜೊತೆ ಒಂದು ಹಾಳೆ ಕೊಡಿ. ತಾಯಿ, ತಂದೆ, ಅವುಗಳ ಮೂಲದ ಬಗ್ಗೆ ನಿಮಗೆ ಸಿಕ್ಕ ಮಾತು, ಮೊಟ್ಟೆ ಇಟ್ಟ ದಿನ, ಮರಿಯಾದ ದಿನ, ಇನ್‌ಕ್ಯುಬೇಟರ್‌ನ ಬಿಸಿ, ಹೊಟ್ಟೆಯ ಚಿಪ್ಪಿನ ಫೋಟೋ. ತಂದೆ ಖಚಿತವಿಲ್ಲದಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲೇ ಬರೆಯಿರಿ. ಬೆಲೆ ಸ್ವಲ್ಪ ಇಳಿದರೆ ಇಳಿಯಲಿ. ಕೊಂಡವರಿಗೆ ಸಾಕಲು ಆಗದಿದ್ದರೆ ನಿಮಗೇ ವಾಪಸ್ ಕೊಡಬೇಕು, ಕೆರೆಗೋ ಕಾಡಿಗೋ ಬಿಡಬಾರದು ಅನ್ನುವುದನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಸಾಕಲಾರದೆ ಬಿಟ್ಟ ರೆಡ್-ಇಯರ್ಡ್ ಸ್ಲೈಡರ್ ಆಮೆಗಳು ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಇವೆ. ಆ ಹಾಳೆಯ ಒಂದು ನಕಲು ನಿಮ್ಮ ಹತ್ತಿರವೂ ಇರಲಿ.